‘ನಾಳೆ ಬಾ’ ಎಂದು ಬರೆದವರು ಯಾರು?

1

ಈಚೆಗೆ ನಮ್ಮ ಸಂಘದ ಯುವ ವಿಭಾಗದವರು ಏರ್ಪಡಿಸಿದ್ದ ಒಂದು ಉಪನ್ಯಾಸಕ್ಕೆ ನಾನೂ ಹೋಗಿದ್ದೆ. ‘ಸಮಯದ ಸದ್ವಿನಿಯೋಗ’ ಎಂಬುದು ವಿಷಯ. ಸಭೆಯಲ್ಲಿದ್ದ ತರುಣ ತರುಣಿಯರಲ್ಲಿ ಬಹುಪಾಲು ಜನ ಐರೋಲಿ, ಮಲಾಡ್, ಪೊವಾಯಿ, ಅಂಧೇರಿಯ ಸೀಪ್ಜ್ ಕಡೆಯ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವವರು. ಡೊಂಬಿವಲಿ, ಮೀರಾ ರೋಡ್, ವಸಯಿಗಳಿಂದ ಎರಡೆರಡು ಗಾಡಿ ಬದಲಿಸಿ, ವಾರದಲ್ಲಿ ಸಿಕ್ಕ ಒಂದು ಬಿಡುವಿನ ದಿನವನ್ನು ಸಂಘಕ್ಕೆ ಕೊಡಲು ಬಂದವರು. ವೇದಿಕೆಯಲ್ಲಿದ್ದ ಅತಿಥಿ ಮಹನೀಯರು ಮುಕ್ಕಾಲು ಗಂಟೆ ಮಾತಾಡಿದರು. ಅವರ ಮಾತಿನ ಸಾರ ಇಷ್ಟು: ಇಂದಿನ ಪೀಳಿಗೆಯ ಮುಖ್ಯ ರೋಗ ಕೆಲಸವನ್ನು ನಾಳೆಗೆ ತಳ್ಳುವುದು, ಅದಕ್ಕೆ ಕಾರಣ ಮನೋದಾರ್ಢ್ಯದ ಕೊರತೆ, ಅದಕ್ಕೆ ಮದ್ದು ಬೆಳಿಗ್ಗೆ ಬೇಗ ಏಳುವುದು, ಪಟ್ಟಿ ಮಾಡಿಕೊಳ್ಳುವುದು, ಏಕಕಾಲಕ್ಕೆ ನಾಲ್ಕಾರು ಕೆಲಸಗಳನ್ನು ನಿಭಾಯಿಸುವ ಚಾಕಚಕ್ಯತೆಯನ್ನು ರೂಢಿಸಿಕೊಳ್ಳುವುದು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತದ್ದನ್ನು ಅವರು ಕೊನೆಗೆ ಉದಾಹರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನನ್ನ ವಯಸ್ಸಿನವರು ಇನ್ನಷ್ಟು ಜೋರಾಗಿ ತಟ್ಟಿದರು. ನಾನು ತಟ್ಟಲಿಲ್ಲ.

ಯಾಕೆ ತಟ್ಟಲಿಲ್ಲವೆಂಬುದನ್ನು ವಿವರಿಸುವ ಹೊಣೆ ನನ್ನ ಮೇಲಿದೆ. ಆ ದಿನ ಅತಿಥಿಗಳಿಗೆ ಎದುರು ಮಾತಾಡುವುದು ಸಭಾಮರ್ಯಾದೆಯಾಗುತ್ತಿರಲಿಲ್ಲ. ಪತ್ರಿಕೆಯ ಪುಟದಲ್ಲಿ ಆ ಸಂಕೋಚ ಬೇಕಾಗಿಲ್ಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಅತಿಥಿಗಳು ರೋಗವನ್ನೇ ಮದ್ದೆಂದು ಕೊಟ್ಟರು. ಒಂದು ತಂಡ ಒಮ್ಮೆಲೇ ಹತ್ತು ಕೆಲಸಗಳ ಮೇಲೆ ಕೈಯಿಡುವ ಅಭ್ಯಾಸವೇ ಅದರ ಸದಸ್ಯರಲ್ಲಿ ಕೆಲಸ ಮುಂದೂಡುವ ಗುಣವನ್ನು ಹುಟ್ಟಿಸುತ್ತದೆ. ಹುಟ್ಟಿಸಿದ ಮೇಲೆ ಆ ದೋಷವನ್ನು ಒಬ್ಬೊಬ್ಬನ ಶೀಲಕ್ಕೆ ಅಂಟಿಸಿ ತಾನು ಕೈತೊಳೆದುಕೊಳ್ಳುತ್ತದೆ.

1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನೋದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಇಂದು ಐರೋಲಿಯ ಗಾಜಿನ ಕಟ್ಟಡಗಳಲ್ಲಿ ಕಷ್ಟದ ಕೆಲಸವೊಂದು ಬಂದು ಬಾಗಿಲು ತಟ್ಟಿದಾಗಲೂ ಅದೇ ಬರಹವಿರುತ್ತದೆ. ಆ ಬರಹವನ್ನು ಬರೆದ ಕೈ ಯಾರದು ಎಂಬುದಷ್ಟೇ ನನ್ನ ಪ್ರಶ್ನೆ.

2

ಈ ವಿಷಯದಲ್ಲಿ ನಾನು ತಟಸ್ಥ ಸಾಕ್ಷಿಯಲ್ಲ, ಆರೋಪಿಗಳಲ್ಲಿ ಒಬ್ಬ.

1978ರಲ್ಲಿ, 16ನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದವನು ನಾನು. ಫೋರ್ಟಿನ ಹೋಟೆಲೊಂದರಲ್ಲಿ ಮೊದಲು ಕ್ಲೀನರ್, ಅನಂತರ ಸಪ್ಲೈಯರ್. ರಾತ್ರಿ ಕನ್ನಡ ಶಾಲೆ. ಅಲ್ಲಿಂದ ಎಸ್ಸೆಸ್ಸಿ, ಕಾಲೇಜು, ಕಂಪ್ಯೂಟರ್ ಡಿಪ್ಲೊಮಾ. 1988ರಲ್ಲಿ ಸೀಪ್ಜಿನ ಕಂಪೆನಿಯೊಂದರಲ್ಲಿ ಪ್ರೋಗ್ರಾಮರ್ ಆದೆ. ಇಲೆಕ್ಟ್ರಾನಿಕ್ ಸರಕುಗಳ ರಫ್ತಿಗೆಂದು 1973ರಲ್ಲಿ ಸ್ಥಾಪನೆಯಾದ ಆ ವಲಯ ಆ ಹೊತ್ತಿಗೆ ಸಾಫ್ಟ್‌ವೇರಿನ ಬೀಡಾಗತೊಡಗಿತ್ತು. ಆಗ ಯಂತ್ರದ ಸಮಯ ದುಬಾರಿ. ನಮ್ಮ ಸರದಿ ಬರುವವರೆಗೆ ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದು, ತಿದ್ದಿ, ಮತ್ತೆ ತಿದ್ದಿ ಇಟ್ಟುಕೊಳ್ಳುತ್ತಿದ್ದೆವು. ಆ ಕಾಲವನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಆಗಲೂ ಸೋಮಾರಿಗಳಿದ್ದರು, ಆಗಲೂ ವಿಳಂಬವಿತ್ತು. ಆದರೆ ಒಬ್ಬನ ಮೇಜಿನ ಮೇಲೆ ಒಂದು ಕೆಲಸವಿರುತ್ತಿತ್ತು. ಅವನು ಅದನ್ನು ಮಾಡಲಿಲ್ಲವೆಂದರೆ ಮಾಡಲಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು, ಅವನಿಗೂ ಕಾಣುತ್ತಿತ್ತು.

2014ರ ಹೊತ್ತಿಗೆ ನಾನು ಐರೋಲಿಯ ಕಚೇರಿಯೊಂದರಲ್ಲಿ 11 ಜನರ ತಂಡದ ಮ್ಯಾನೇಜರ್. ಯಾವ ಇಂಜಿನಿಯರೂ ಒಂದು ಗಳಿಗೆಯೂ ಖಾಲಿ ಇರಬಾರದೆಂಬುದು ಮೇಲಿನವರ ಆಜ್ಞೆ. ಆದ್ದರಿಂದ ಪ್ರತಿಯೊಬ್ಬನನ್ನೂ ಮೂರು ಪ್ರಾಜೆಕ್ಟುಗಳಿಗೆ ಹಂಚುತ್ತಿದ್ದೆವು: ಒಂದಕ್ಕೆ ಶೇಕಡ 40, ಉಳಿದೆರಡಕ್ಕೆ 30–30. ಮನುಷ್ಯನನ್ನು ನೂರು ಪೈಸೆಯ ರೂಪಾಯಿಯಂತೆ ಚಿಲ್ಲರೆ ಮಾಡಿ ಹಂಚಬಹುದೆಂದು ನಾವು ನಂಬಿದ್ದೆವು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು.

ಆ ಮೂರರಲ್ಲಿ ಒಂದು, ಬ್ಯಾಂಕೊಂದರ ಹಳೆಯ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ. ಅದರಲ್ಲಿ ಅತ್ಯಂತ ಕಷ್ಟದ ಭಾಗ ಹಳೆಯ ಠೇವಣಿಗಳ ಬಡ್ಡಿಯ ಲೆಕ್ಕ. ಬೇರೆ ಬೇರೆ ಕಾಲದ ನಿಯಮಗಳು, ನಡುವೆ ಬದಲಾದ ದರಗಳು, ಯಾವ ಕಡತದಲ್ಲೂ ಪೂರ್ತಿ ಬರೆದಿರದ ರೂಢಿಗಳು. ಅದನ್ನು ತಲೆಯಲ್ಲಿ ತುಂಬಿಕೊಳ್ಳುವುದಕ್ಕೇ ಒಂದು ಬೆಳಗು ಬೇಕು. ಆ ಭಾಗವನ್ನು ತಂಡದ ಅತಿ ಕಿರಿಯನಾದ, ಆದರೆ ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗನಿಗೆ ಕೊಟ್ಟೆ. ಅವನು ನಮ್ಮವನೇ, ಡೊಂಬಿವಲಿಯ ಕನ್ನಡದ ಹುಡುಗ. ಅವನ ತಂದೆ ಮತ್ತು ನಾನು ರಾತ್ರಿ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತವರು.

ಐದು ತಿಂಗಳು ಆ ಲೆಕ್ಕ ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಮೂರು ತಿಂಗಳು ಅದು ಆರಂಭವೇ ಆಗಲಿಲ್ಲ. ಪ್ರತಿ ಸೋಮವಾರ ಕೇಳಿದಾಗ ಅವನು ‘ಈ ವಾರ ಕೂತು ಮಾಡ್ತೇನೆ ಸರ್’ ಎನ್ನುತ್ತಿದ್ದ. ಅವನು ಸುಮ್ಮನಿದ್ದವನೇನಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೋಗುತ್ತಿದ್ದ, ಎಲ್ಲ ಸಂದೇಶಗಳಿಗೆ ಉತ್ತರಿಸುತ್ತಿದ್ದ, ಬೇರೆಯವರ ತಪ್ಪುಗಳನ್ನು ಹುಡುಕಿಕೊಡುತ್ತಿದ್ದ. ಕೊನೆಗೆ ಬ್ಯಾಂಕಿನವರು ಸಿಟ್ಟಾದರು, ಮೇಲಿನವರು ನನ್ನನ್ನು ಕೇಳಿದರು. ವರ್ಷಾಂತ್ಯದ ಮೌಲ್ಯಮಾಪನದ ಕಾಗದದಲ್ಲಿ ನಾನು ಅವನ ಹೆಸರಿನ ಎದುರು ‘ಕೆಲಸ ಮುಂದೂಡುವ ಸ್ವಭಾವ’ ಎಂದು ಬರೆದು ಸಹಿ ಹಾಕಿದೆ. ಎರಡು ತಿಂಗಳೊಳಗೆ ಅವನು ರಾಜೀನಾಮೆ ಕೊಟ್ಟ.

ಆಮೇಲೊಂದು ಮದುವೆಯ ಊಟದಲ್ಲಿ ಅವನ ತಂದೆ ನನ್ನ ಪಕ್ಕ ಬಂದು ಕುಳಿತ. ಎಲೆಯ ಮೇಲಿನ ಅನ್ನ ಕಲಸುತ್ತ, ನನ್ನ ಮುಖ ನೋಡದೆ, ‘ಹೌದಾ ಮಾರಾಯಾ, ನನ್ನ ಮಗ ಅಷ್ಟು ಉದಾಸೀನದವನಾ?’ ಎಂದು ಕೇಳಿದ. ನಾನು ಏನೋ ಹೇಳಿ ಜಾರಿಕೊಂಡೆ.

ಆ ರಾತ್ರಿ ಮನೆಗೆ ಬಂದು ನಾನು ಕಳಿಸಿದ್ದ ಹಳೆಯ ಸಂದೇಶಗಳನ್ನು ತೆಗೆದು ನೋಡಿದೆ. ಯಾವುದೋ ಒಂದು ಮಂಗಳವಾರವನ್ನು ಆರಿಸಿಕೊಂಡೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನೊಬ್ಬನೇ ಅವನಿಗೆ 14 ಸಂದೇಶ ಕಳಿಸಿದ್ದೆ, ಮೂರು ಪ್ರಾಜೆಕ್ಟುಗಳ ಬಗ್ಗೆ. ಅವುಗಳಲ್ಲಿ ಹೆಚ್ಚಿನವು ‘ಐದೇ ನಿಮಿಷ’ ಎಂದು ಆರಂಭವಾಗಿದ್ದವು. ಉಳಿದ ಒಂಬತ್ತು ಮಂದಿ ಎಷ್ಟು ಕಳಿಸಿದ್ದರೋ ದೇವರೇ ಬಲ್ಲ. ಬಡ್ಡಿಯ ಲೆಕ್ಕ ಅವನ ಬಾಗಿಲು ತಟ್ಟಿದಾಗಲೆಲ್ಲ ಅಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ಅಕ್ಷರ ನನ್ನದು.

3

ನನ್ನೊಬ್ಬನ ಪಶ್ಚಾತ್ತಾಪವನ್ನು ಸಿದ್ಧಾಂತವೆಂದು ಓದುಗರು ಒಪ್ಪಬೇಕಾಗಿಲ್ಲ. ಆದ್ದರಿಂದ ‘ಮಲ್ಟಿಟಾಸ್ಕಿಂಗ್’ ಎಂಬ ಆ ಮಾತನ್ನೇ ಸ್ವಲ್ಪ ವಿಚಾರಿಸೋಣ.

ಅದು ಮನುಷ್ಯನಿಗಾಗಿ ಹುಟ್ಟಿದ ಮಾತಲ್ಲ. 1960ರ ದಶಕದ ಮಧ್ಯದಲ್ಲಿ ಐಬಿಎಂ ಕಂಪೆನಿಯವರು ತಮ್ಮ ಯಂತ್ರಗಳನ್ನು ವರ್ಣಿಸಲು ಬಳಕೆಗೆ ತಂದ ಪದ ಅದು. ತಮಾಷೆಯೆಂದರೆ, ಒಂದೇ ಪ್ರೊಸೆಸರಿನ ಆ ಯಂತ್ರಗಳೂ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿರಲಿಲ್ಲ. ಒಂದನ್ನು ಸ್ವಲ್ಪ ಮಾಡಿ, ಎಲ್ಲಿಗೆ ನಿಲ್ಲಿಸಿದೆನೆಂಬುದನ್ನು ಗುರುತು ಹಾಕಿಟ್ಟು, ಇನ್ನೊಂದಕ್ಕೆ ಹೋಗಿ, ಮತ್ತೆ ಮರಳುತ್ತಿದ್ದವು. ಅದು ಅತಿ ವೇಗವಾಗಿ ನಡೆಯುವುದರಿಂದ ನೋಡುವವರಿಗೆ ಎಲ್ಲವೂ ಒಟ್ಟಿಗೆ ಸಾಗಿದಂತೆ ಕಾಣುತ್ತಿತ್ತು. ಆದರೆ ಯಂತ್ರಕ್ಕೂ ಒಂದು ಮಿತಿಯಿದೆಯೆಂಬುದು ಬೇಗನೆ ಗೊತ್ತಾಯಿತು. ಅದರ ಸ್ಮೃತಿ ಹಿಡಿಯಲಾರದಷ್ಟು ಕೆಲಸಗಳನ್ನು ತುಂಬಿದಾಗ, ಪ್ರತಿಯೊಂದು ಕೆಲಸಕ್ಕೆ ಬೇಕಾದ ಹಾಳೆಗಳನ್ನು ಒಳಗೆ ತರುವುದು, ಇನ್ನೊಂದರ ಹಾಳೆಗಳನ್ನು ಹೊರಗೆ ಹಾಕುವುದು, ಇದರಲ್ಲೇ ಯಂತ್ರದ ಸಮಯವೆಲ್ಲ ಕಳೆದು ನಿಜವಾದ ಲೆಕ್ಕ ಹೆಚ್ಚುಕಡಮೆ ನಿಂತುಹೋಗುತ್ತಿತ್ತು. ಇದಕ್ಕೆ ‘ಥ್ರಾಷಿಂಗ್’ ಎನ್ನುತ್ತಾರೆ. ಪೀಟರ್ ಡೆನ್ನಿಂಗ್ ಎಂಬ ಗಣಕವಿಜ್ಞಾನಿ 1968ರಲ್ಲಿ ಇದರ ಕಾರಣವನ್ನು ವಿಶ್ಲೇಷಿಸಿದ.

ಆ ವಿಶ್ಲೇಷಣೆಯ ಒಂದು ಅಂಶ ನಮ್ಮ ಮ್ಯಾನೇಜರುಗಳೆಲ್ಲ ಕಂಠಪಾಠ ಮಾಡಬೇಕಾದದ್ದು. ಕೆಲಸ ನಿಂತಾಗ ಪ್ರೊಸೆಸರ್ ಖಾಲಿ ಇರುವಂತೆ ಕಾಣುತ್ತದೆ. ಮೇಲ್ವಿಚಾರಣೆಯ ವ್ಯವಸ್ಥೆ ಅದನ್ನು ನೋಡಿ, ‘ಇವನಿಗೆ ಬಿಡುವಿದೆ’ ಎಂದು ತಿಳಿದು ಇನ್ನೂ ಒಂದು ಕೆಲಸವನ್ನು ಒಳಗೆ ಬಿಡುತ್ತದೆ. ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಡೆನ್ನಿಂಗ್ ಸೂಚಿಸಿದ ಪರಿಹಾರ ಸರಳ: ಒಂದು ಕೆಲಸಕ್ಕೆ ಬೇಕಾದಷ್ಟು ಜಾಗ ಸ್ಮೃತಿಯಲ್ಲಿ ಇಲ್ಲದಿದ್ದರೆ ಅದನ್ನು ಒಳಗೆ ಬಿಡಬೇಡಿ, ಹೊರಗೆ ಸರದಿಯಲ್ಲಿ ನಿಲ್ಲಿಸಿ. ಯಂತ್ರಕ್ಕೆ ಈ ದಯೆಯನ್ನು ನಾವು ಅರ್ಧ ಶತಮಾನದ ಹಿಂದೆಯೇ ತೋರಿಸಿದೆವು. ಆ ಯಂತ್ರದ ಮುಂದೆ ಕೂತ ಹುಡುಗನಿಗೆ ಇನ್ನೂ ತೋರಿಸಿಲ್ಲ.

ಮನುಷ್ಯನ ವಿಷಯದಲ್ಲೂ ಅಧ್ಯಯನಗಳು ಇಲ್ಲದಿಲ್ಲ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಕಚೇರಿಯ ನೌಕರರ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತು ನೋಡಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ಕೆಲಸದಲ್ಲಿ ಅವರು ಎಡೆಬಿಡದೆ ಇದ್ದುದು ಸರಾಸರಿ 11 ನಿಮಿಷದಷ್ಟು. ಭಂಗವಾದ ಕೆಲಸಕ್ಕೆ ಅದೇ ದಿನ ಮರಳಿದಾಗಲೂ ನಡುವೆ ಸುಮಾರು 25 ನಿಮಿಷ ಕಳೆದಿರುತ್ತಿತ್ತು, ಎರಡಕ್ಕಿಂತ ಹೆಚ್ಚು ಬೇರೆ ಕೆಲಸಗಳು ನುಗ್ಗಿರುತ್ತಿದ್ದವು. 2009ರಲ್ಲಿ ಸೋಫಿ ಲೆರಾಯ್ ತೋರಿಸಿಕೊಟ್ಟದ್ದು ಇನ್ನೊಂದು: ಅರ್ಧಕ್ಕೆ ಬಿಟ್ಟುಬಂದ ಕೆಲಸದ ಶೇಷ ಮನಸ್ಸಿನಲ್ಲಿ ಉಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆ. ತೊಳೆಯದ ಪಾತ್ರೆಯಲ್ಲಿ ಹಾಲು ಕಾಯಿಸಿದಂತೆ. ತಂತ್ರಾಂಶದ ಅನುಭವಿ ಜೆರಾಲ್ಡ್ ವೈನ್‌ಬರ್ಗ್ 1992ರ ತನ್ನ ಪುಸ್ತಕದಲ್ಲಿ ಕೊಟ್ಟ ಅಂದಾಜು ಪ್ರಸಿದ್ಧವಾದದ್ದು: ಒಬ್ಬನಿಗೆ ಮೂರು ಪ್ರಾಜೆಕ್ಟು ಕೊಟ್ಟರೆ ಒಂದೊಂದಕ್ಕೆ ಸಿಗುವುದು ಶೇಕಡ 20 ಮಾತ್ರ, ಉಳಿದ 40 ಅತ್ತಿಂದಿತ್ತ ಓಡಾಟದಲ್ಲಿ ನಷ್ಟ. ಅದು ಅಳತೆಯಲ್ಲ, ಅನುಭವಿಯ ಊಹೆ. ಆದರೂ ನನ್ನ 40–30–30ರ ಲೆಕ್ಕಕ್ಕಿಂತ ಅದು ಸತ್ಯಕ್ಕೆ ಹತ್ತಿರವಾಗಿತ್ತು.

ಇವೆಲ್ಲ ಸಮಯದ ನಷ್ಟದ ಮಾತಾಯಿತು. ಮುಂದೂಡುವಿಕೆ ಹೇಗೆ ಹುಟ್ಟುತ್ತದೆ? ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಇನ್ನು ಹತ್ತು ನಿಮಿಷದಲ್ಲಿ ಯಾರೋ ಕರೆಯುತ್ತಾರೆಂದು ತಿಳಿದವನು ಎರಡು ಗಂಟೆಯ ಕೆಲಸವನ್ನು ಆರಂಭಿಸುವುದಿಲ್ಲ. ದಾದರಿನಲ್ಲಿ ಇಳಿಯಬೇಕಾದವನು ಮಾಟುಂಗದಲ್ಲಿ ಪತ್ರ ಬರೆಯಲು ಕೂರುವನೇ? ಅವನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ನಮ್ಮ ಹುಡುಗರು ದಿನವಿಡೀ ಹೀಗೆ ಬಾಗಿಲಲ್ಲಿ ನಿಂತವರು. ಅವರು ಆರಂಭಿಸದಿರುವುದು ಆಲಸ್ಯದಿಂದಲ್ಲ, ವಿವೇಕದಿಂದ.

ಎರಡನೆಯದಾಗಿ, ಸಣ್ಣ ಕೆಲಸಕ್ಕೆ ಕೂಡಲೇ ಮುಗಿದ ಸುಖವಿದೆ. ಒಂದು ಉತ್ತರ ಕಳಿಸಿದರೆ ಒಂದು ಋಣ ತೀರಿತು. ಕಷ್ಟದ ಕೆಲಸದಲ್ಲಿ ಮೊದಲು ಸಿಗುವುದು ಗೊಂದಲ, ತನ್ನ ಅಜ್ಞಾನದ ಅರಿವು. ಕೆಲಸ ಮುಂದೂಡುವುದೆಂದರೆ ಸಮಯದ ಅವ್ಯವಸ್ಥೆಗಿಂತ ಹೆಚ್ಚಾಗಿ ಅಹಿತವಾದ ಭಾವನೆಯಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳುವ ಉಪಾಯವೆಂದು ಫ್ಯೂಷಿಯಾ ಸಿರೊಯಿಸ್ ಮತ್ತು ಟಿಮೊಥಿ ಪಿಚಿಲ್ 2013ರಲ್ಲಿ ವಾದಿಸಿದ್ದಾರೆ. ಹಿಂದೆ ಹಾಗೆ ತಪ್ಪಿಸಿಕೊಳ್ಳುವವನು ಚಹಾದ ಅಂಗಡಿಗೆ ಹೋಗಬೇಕಿತ್ತು; ತಪ್ಪಿಸಿಕೊಂಡದ್ದು ಅವನಿಗೇ ಗೊತ್ತಾಗುತ್ತಿತ್ತು. ಈಗ ತಪ್ಪಿಸಿಕೊಳ್ಳುವ ಜಾಗವನ್ನು ತಂಡವೇ ಒದಗಿಸುತ್ತದೆ, ಅದಕ್ಕೆ ‘ಸಹಕಾರ’ ಎಂಬ ಹೆಸರನ್ನೂ ಕೊಡುತ್ತದೆ.

ಮೂರನೆಯದಾಗಿ, ಬೇಗ ಉತ್ತರಿಸಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಯೋಚಿಸುತ್ತ ಕೂತವನು ಯಾರಿಗೂ ಕಾಣುವುದಿಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾದರೆ ಸಾಕು, ‘ಎಲ್ಲಿದ್ದೀ?’ ಎಂಬ ಪ್ರಶ್ನೆ ಬರುತ್ತದೆ. ಈ ನಗರದ ದೊಡ್ಡ ಕಂಪೆನಿಯ ಕಚೇರಿಯನ್ನು ಬೇಟೆಯ ಕಾಡಾಗಿ ಕಂಡ ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ. ಆ ಚುಕ್ಕೆಯನ್ನು ನೋಡಿದಾಗಲೆಲ್ಲ ನನಗೆ ಆ ಕಾದಂಬರಿಯ ಹೆಸರು ನೆನಪಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಘೋರವಾದದ್ದು. ತಂಡದ ಎಲ್ಲರೂ ಎಲ್ಲ ಕೆಲಸಗಳಲ್ಲಿ ಅರ್ಧರ್ಧ ಇದ್ದಾಗ ಪ್ರತಿಯೊಬ್ಬನ ವಿಳಂಬಕ್ಕೂ ಇನ್ನೊಬ್ಬನ ವಿಳಂಬ ಸಬೂಬಾಗುತ್ತದೆ. ‘ಅವರಿಂದ ಬಂದಿಲ್ಲ, ಹಾಗಾಗಿ ನಾನು ಹಿಡಿದಿಲ್ಲ.’ ಈ ಮಾತು ಸುಳ್ಳಲ್ಲ, ಆದ್ದರಿಂದಲೇ ಅಪಾಯಕಾರಿ. ಹೀಗೆ ಆರು ತಿಂಗಳು ಕಳೆದು, ಗಡುವು ಬಂದು, ಮೂರು ರಾತ್ರಿ ನಿದ್ದೆಗೆಟ್ಟು ಏನೋ ಒಂದು ಮುಗಿಸಿದ ಮೇಲೆ ನಾವು ಮಾಡುವುದೇನು? ನಿದ್ದೆಗೆಟ್ಟವರಿಗೆ ಸನ್ಮಾನ. ವಿಳಂಬವನ್ನು ಹುಟ್ಟಿಸಿದ ವ್ಯವಸ್ಥೆಗೆ ಪ್ರಶ್ನೆಯಿಲ್ಲ.

ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ‘ದೀರ್ಘಸೂತ್ರಿ’ಯನ್ನು ತಾಮಸ ಕರ್ತನೆಂದು ಎಣಿಸಲಾಗಿದೆ. ಇಂದಿನ ಕಚೇರಿಯ ವೈಶಿಷ್ಟ್ಯವೆಂದರೆ ಅದು ರಾಜಸದ ವೇಷದಲ್ಲಿ ತಾಮಸವನ್ನು ಸಾಧಿಸಿದೆ. ಎಲ್ಲರೂ ಓಡುತ್ತಿದ್ದಾರೆ, ಕೆಲಸ ನಿಂತಿದೆ.

4

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ.

‘ಅಷ್ಟಾವಧಾನದ ಪರಂಪರೆಯವರು ನಾವು, ಎಂಟು ಕಡೆ ಗಮನವಿಡುವುದು ನಮಗೆ ಹೊಸತೇ?’ ಎಂದು ಕೇಳುವವರಿದ್ದಾರೆ. ಶತಾವಧಾನಿ ಆರ್. ಗಣೇಶರ ಅವಧಾನವನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಅಲ್ಲಿ ಪೃಚ್ಛಕರು ಸರದಿಯಂತೆ ಕೇಳುತ್ತಾರೆ. ಅವಧಾನಿ ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದು ಪಾದವನ್ನು ಪೂರೈಸಿ ಮುಂದಿನವರ ಕಡೆಗೆ ತಿರುಗುತ್ತಾರೆ. ಕೊನೆಯಲ್ಲಿ ಎಲ್ಲವನ್ನೂ ಒಪ್ಪಿಸುವ ಧಾರಣವಿದೆ. ಆ ಎಂಟರಲ್ಲಿ ಸುಸಂಬದ್ಧವಲ್ಲದ ಮಾತಾಡಿ ಏಕಾಗ್ರತೆಯನ್ನು ಕೆಡಿಸುವುದನ್ನೇ ಕೆಲಸವಾಗಿ ಪಡೆದವರು ಒಬ್ಬರೇ, ಅಪ್ರಸ್ತುತ ಪ್ರಸಂಗದವರು. ನಮ್ಮ ಕಚೇರಿಗಳಲ್ಲಿ ಎಂಟಕ್ಕೆ ಏಳು ಮಂದಿ ಅಪ್ರಸ್ತುತ ಪ್ರಸಂಗಿಗಳು, ಮ್ಯಾನೇಜರ್ ಅವರ ನಾಯಕ. ಧಾರಣದ ಹೊತ್ತಿಗೆ ಹೇಳಲು ಪದ್ಯವೇ ಇರುವುದಿಲ್ಲ.

‘ಹಗಲು ಹೋಟೆಲು, ರಾತ್ರಿ ಶಾಲೆ, ಅದು ಎರಡು ಕೆಲಸವಲ್ಲವೇ?’ ಅತಿಥಿಗಳ ಈ ಮಾತೇ ನನ್ನನ್ನು ಹೆಚ್ಚು ನೋಯಿಸಿದ್ದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಅಂಥ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳು ಕರಾವಳಿಯಿಂದ ಬರಿಗೈಯಲ್ಲಿ ಬಂದ ಸಾವಿರಾರು ಹುಡುಗರನ್ನು ಮನುಷ್ಯರನ್ನಾಗಿ ಮಾಡಿದವು. ಅವುಗಳಲ್ಲಿ ಹೆಚ್ಚಿನವು ಇಂದು ಮುಚ್ಚಿವೆ. ಆ ಬೆಂಚಿನ ಮೇಲೆ ಕುಳಿತವನಾಗಿ ಹೇಳುತ್ತೇನೆ: ಅಲ್ಲಿ ನಾವು ಎರಡು ಕೆಲಸ ಮಾಡಲಿಲ್ಲ, ಒಂದಾದ ಮೇಲೆ ಒಂದು ಮಾಡಿದೆವು. ನಡುವೆ ಒಂದು ಗೋಡೆಯಿತ್ತು. ಶಾಲೆಯ ಗಂಟೆ ಬಾರಿಸಿದ ಮೇಲೆ ಹೋಟೆಲಿನ ಧಣಿಯ ದನಿ ಆ ಗೋಡೆ ದಾಟಿ ಬರುತ್ತಿರಲಿಲ್ಲ. ಬರಲು ಅವರ ಬಳಿ ಸಾಧನವೂ ಇರಲಿಲ್ಲ, ಹೆಚ್ಚಿನ ಧಣಿಗಳಿಗೆ ಮನಸ್ಸೂ ಇರಲಿಲ್ಲ. ಮೈ ದಣಿದು ತೂಕಡಿಸುತ್ತಿದ್ದೆವು, ಆದರೆ ಆ ಎರಡು ಗಂಟೆ ಬೀಜಗಣಿತದ್ದು. ಹೋಟೆಲಿನಲ್ಲೂ ಅಷ್ಟೆ: ಕಾವಲಿಯ ಮುಂದೆ ನಿಂತವನು ದೋಸೆಯನ್ನೇ ಹೊಯ್ಯುತ್ತಿದ್ದ, ಗಲ್ಲೆಯಲ್ಲಿ ಕೂತವರು ಲೆಕ್ಕವನ್ನೇ ನೋಡುತ್ತಿದ್ದರು. ದೋಸೆ ಹೊಯ್ಯುವವನನ್ನು ಊಟದ ಹೊತ್ತಿನಲ್ಲಿ ಗಲ್ಲೆಗೆ ಕರೆದ ಧಣಿಯ ಹೋಟೆಲು ಈ ನಗರದಲ್ಲಿ ಒಂದು ವಾರ ನಡೆಯಲಾರದು. ನಮ್ಮ ಡಬ್ಬಾವಾಲರ ಕೀರ್ತಿಯೂ ಇದರಿಂದಲೇ ಬಂದದ್ದು. 2010ರಲ್ಲಿ ಹಾರ್ವರ್ಡಿನವರು ಬಂದು ಅಭ್ಯಾಸ ಮಾಡಿ ಬರೆದ ಆ ವ್ಯವಸ್ಥೆಯಲ್ಲಿ ಒಬ್ಬೊಬ್ಬನಿಗೆ ಅವನವನ ದಾರಿ, ಅವನವನ ಹೊತ್ತು.

‘ಮನೆಯಲ್ಲಿ ಹೆಂಗಸರು ಏಕಕಾಲಕ್ಕೆ ಹತ್ತು ಕೆಲಸ ಮಾಡುವುದಿಲ್ಲವೇ?’ ಎನ್ನುವವರಿಗೆ ನಾನು ಮರುಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿ, ವಿರಾರಿನ ಗಾಡಿಯಲ್ಲಿ ನಿಂತುಕೊಂಡೇ ಬಂದು, ಎಂಟು ಗಂಟೆ ದುಡಿದು ಮರಳಿ ಒಲೆಯ ಮುಂದೆ ನಿಲ್ಲುವ ಆಕೆ ನಾಳೆಗೆ ತಳ್ಳಿದ್ದೇನು? ತನ್ನ ಓದು, ತನ್ನ ಹಾಡು, ತನ್ನ ಮಂಡಿನೋವಿನ ಔಷಧ. ಯಾರೂ ಬಂದು ಕೇಳದ ಕೆಲಸವೇ ಯಾವಾಗಲೂ ನಾಳೆಯ ಪಾಲು. ಅವಳು ಹತ್ತು ಕೆಲಸ ಮಾಡಬಲ್ಲಳೆಂದು ಹೊಗಳುವವರು ಒಂಬತ್ತನ್ನು ಇಳಿಸಿಕೊಳ್ಳಲು ಮನಸ್ಸಿಲ್ಲದವರು.

‘ಗಿರಾಕಿ ಅಮೆರಿಕದಲ್ಲಿದ್ದಾನೆ, ಕೂಡಲೇ ಉತ್ತರಿಸದೆ ಗತಿಯಿಲ್ಲ’ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ತುರ್ತು ಕೆಲಸಗಳು ಇವೆ. ಬ್ಯಾಂಕಿನ ಯಂತ್ರ ನಿಂತರೆ ಯಾರಾದರೂ ಏಳಲೇಬೇಕು. ಆದರೆ ‘ಯಾರಾದರೂ’ ಎಂದರೆ ಒಬ್ಬ, ಸರದಿಯಂತೆ. ಹನ್ನೊಂದು ಮಂದಿಯೂ ಸದಾ ಎದ್ದು ನಿಂತಿರಬೇಕೆಂಬ ನಿಯಮ ತುರ್ತಿನಿಂದ ಹುಟ್ಟಿದ್ದಲ್ಲ, ಅಪನಂಬಿಕೆಯಿಂದ ಹುಟ್ಟಿದ್ದು.

ಇನ್ನು ಗಂಟೆಗಳ ಉಪದೇಶ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರೂ ನಮ್ಮ ನಾಡಿನವರೂ ಆದ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ ಮಾತು 90ಕ್ಕೆ ಏರಿತು. ದುಡಿದು ಮೇಲೆ ಬಂದವರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹರಿದ ಚೀಲಕ್ಕೆ ಇನ್ನೂ ಇಪ್ಪತ್ತು ಸೇರು ಅಕ್ಕಿ ಸುರಿಯಿರಿ ಎಂಬ ಸಲಹೆಯಿಂದ ಪ್ರಯೋಜನವೇನು? ಹರಿದದ್ದನ್ನು ಹೊಲಿಯುವ ಮಾತನ್ನು ಯಾರೂ ಆಡುತ್ತಿಲ್ಲ. ಕಾನೂನಿನದೂ ಇದೇ ಕಥೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದಿನದ ಮಿತಿಯನ್ನು 10ಕ್ಕೆ ಏರಿಸುವ ನಿರ್ಧಾರವನ್ನು ರಾಜ್ಯದ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಕೈಗೊಂಡಿತು. ಕೆಲಸದ ಹೊತ್ತು ಮುಗಿದ ಮೇಲೆ ಕರೆಗೆ ಉತ್ತರಿಸದಿರುವ ಹಕ್ಕನ್ನು ಕೋರಿ ಬಾರಾಮತಿಯ ಸದಸ್ಯೆ ಸುಪ್ರಿಯಾ ಸುಳೆ 2018ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಫ್ರಾನ್ಸಿನಲ್ಲಿ ಅಂಥ ಹಕ್ಕು 2017ರ ಜನವರಿಯಿಂದ ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ಕಾನೂನು ಗಂಟೆಗಳನ್ನು ಎಣಿಸಬಲ್ಲುದು. ಆ ಗಂಟೆ ಎಷ್ಟು ಚೂರಾಯಿತೆಂಬುದನ್ನು ಎಣಿಸಲಾರದು. ಅದನ್ನು ಎಣಿಸಬೇಕಾದವರು ತಂಡದೊಳಗಿನವರೇ.

5

ಹಾಗಾದರೆ ಮಾಡಬೇಕಾದದ್ದೇನು? ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಒಬ್ಬೊಬ್ಬನಿಗೆ ಹೇಳುವ ಬದಲು ತಂಡಕ್ಕೆ ಹೇಳಬೇಕು. ಒಬ್ಬನ ಕೈಯಲ್ಲಿ ಒಂದು ಹೊತ್ತಿಗೆ ಒಂದು ಮುಖ್ಯ ಕೆಲಸ, ಹೆಚ್ಚೆಂದರೆ ಎರಡು. ಮೂರನೆಯದು ಹೊರಗೆ ಸರದಿಯಲ್ಲಿ ನಿಲ್ಲಲಿ. ಬೆಳಗಿನ ಮೂರು ಗಂಟೆ ಯಾರೂ ಯಾರನ್ನೂ ಕರೆಯಬಾರದೆಂಬ ಒಪ್ಪಂದವಿರಲಿ. ತುರ್ತನ್ನು ನೋಡಿಕೊಳ್ಳಲು ದಿನಕ್ಕೊಬ್ಬನ ಪಾಳಿಯಿರಲಿ. ಮತ್ತು ಯಾವನ ಹೆಸರಿನ ಎದುರಾದರೂ ‘ಮುಂದೂಡುವ ಸ್ವಭಾವ’ ಎಂದು ಬರೆಯುವ ಮುನ್ನ ಮ್ಯಾನೇಜರನಾದವನು ಆ ಮನುಷ್ಯನಿಗೆ ತಾನು ಒಂದು ವಾರದಲ್ಲಿ ಕಳಿಸಿದ ಸಂದೇಶಗಳನ್ನು ಎಣಿಸಿ ಆ ಸಂಖ್ಯೆಯನ್ನು ಅದೇ ಕಾಗದದಲ್ಲಿ ಬರೆಯಲಿ. ನನ್ನ ಕೊನೆಯ ಎರಡು ವರ್ಷಗಳಲ್ಲಿ ನನ್ನ ತಂಡದಲ್ಲಿ ಇಷ್ಟನ್ನು ಜಾರಿಗೆ ತರಲು ಯತ್ನಿಸಿದೆ. ಪೂರ್ತಿ ಸಾಧ್ಯವಾಗಲಿಲ್ಲ, ಮೇಲಿನವರು ನಕ್ಕರು. ಆದರೆ ಬೆಳಗಿನ ಆ ಮೂರು ಗಂಟೆಗಳಲ್ಲಿ ಕಷ್ಟದ ಕೆಲಸಗಳು ಆರಂಭವಾಗತೊಡಗಿದ್ದನ್ನು ನಾನು ನೋಡಿದ್ದೇನೆ. ಹಿಂದೆ ಸೋಮಾರಿಗಳೆಂದು ಹೆಸರಾಗಿದ್ದವರೇ ಆರಂಭಿಸಿದರು.

ಕೊನೆಯದಾಗಿ ಸಂಘದ ಮಾತು. ನಮ್ಮ ಸಂಘದ ಚರಿತ್ರೆಯ ಗ್ರಂಥವನ್ನು ಹೊರತರಬೇಕೆಂದು ಮಹಾಸಭೆ ಠರಾವು ಮಾಡಿ ಆರು ವರ್ಷವಾಯಿತು. ನಾನೂ ಆ ಸಮಿತಿಯಲ್ಲಿದ್ದೇನೆ. ಒಂದು ಅಧ್ಯಾಯವೂ ಬರೆದಾಗಿಲ್ಲ. ಈ ಆರು ವರ್ಷಗಳಲ್ಲಿ ನಾವು ಸುಮ್ಮನಿರಲಿಲ್ಲ. ರಾಜ್ಯೋತ್ಸವ, ವಿಹಾರಕೂಟ, ಸನ್ಮಾನ, ಅರಿಸಿನ ಕುಂಕುಮ, ನಾಟಕ ಸ್ಪರ್ಧೆ, ಎಲ್ಲವನ್ನೂ ಅದೇ ಏಳು ಮಂದಿ ಒಟ್ಟೊಟ್ಟಿಗೆ ಮಾಡಿದ್ದೇವೆ. ಅಷ್ಟರಲ್ಲಿ ರಾತ್ರಿ ಶಾಲೆಯ ಮೂವರು ಹಿರಿಯ ವಿದ್ಯಾರ್ಥಿಗಳು, ಯಾರ ನೆನಪುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಗೊತ್ತುಮಾಡಿದ್ದೆವೋ ಅವರು, ತೀರಿಕೊಂಡರು. ‘ನಾಳೆ ಬನ್ನಿ’ ಎಂದು ಅವರಿಗೆ ಹೇಳಿದವರು ನಾವು. ಅವರಿಗೆ ನಾಳೆಯಿರಲಿಲ್ಲ.

ಆದ್ದರಿಂದ ಯುವ ವಿಭಾಗದ ಮಿತ್ರರಲ್ಲಿ ನನ್ನ ವಿನಂತಿ: ಮುಂದಿನ ಬಾರಿ ನಿಮ್ಮನ್ನು ತಿದ್ದಲು ಅತಿಥಿಗಳನ್ನು ಕರೆಸಬೇಡಿ. ನಿಮ್ಮ ಕಚೇರಿಯ ದಿನ ಹೇಗೆ ಚೂರಾಗುತ್ತದೆಂಬುದನ್ನು ನೀವೇ ವೇದಿಕೆ ಹತ್ತಿ ಹೇಳಿ. ಮುಂದಿನ ಸಾಲಿನಲ್ಲಿ ಕೂತು ನಾವು ಕೇಳುತ್ತೇವೆ. ಕಾರ್ಯಕಾರಿ ಸಮಿತಿಯಲ್ಲಿ ನನ್ನ ಸೂಚನೆ: ಈ ವರ್ಷ ಗ್ರಂಥ ಮುಗಿಯುವ ತನಕ ಉಳಿದ ಕಾರ್ಯಕ್ರಮಗಳಲ್ಲಿ ಅರ್ಧವನ್ನು ಕೈಬಿಡೋಣ.

ಆ ಹುಡುಗ ಈಗ ಬೇರೆ ಊರಿನಲ್ಲಿ, ಬೇರೆ ಕಂಪೆನಿಯಲ್ಲಿ ಚೆನ್ನಾಗಿಯೇ ಇದ್ದಾನೆಂದು ಕೇಳಿದ್ದೇನೆ. ಅವನ ತಂದೆ ಸಂಘಕ್ಕೆ ಬರುವುದನ್ನು ಬಿಟ್ಟಿದ್ದಾನೆ, ಆದರೆ ಈ ಪತ್ರಿಕೆಯನ್ನು ತರಿಸಿಕೊಳ್ಳುತ್ತಾನೆ. ಮದುವೆಯ ಎಲೆಯ ಮುಂದೆ ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನು ಇಷ್ಟು ವರ್ಷ ಮುಂದೂಡಿದ್ದೆ. ಇಲ್ಲ ಮಾರಾಯಾ, ನಿನ್ನ ಮಗ ಉದಾಸೀನದವನಲ್ಲ. ಆ ಕಾಗದದಲ್ಲಿ ನಾನು ಬರೆದದ್ದು ಸುಳ್ಳು.